ಸೋಮಾರಿತನವೋ, ರಕ್ತಹೀನತೆಯೋ?



ಭಾಷಾ ಶಿಕ್ಷಕರ ತರಬೇತಿಯಲ್ಲಿ ರಕ್ತದ ಮಾತೇಕೆ ಎಂದು ತಮಗೆ ಅನ್ನಿಸಬಹುದು. ಉಕ್ತಲೇಖನದ ನಡುವೆ ಲೇಖನಿ ಕೆಳಗಿಡುವ ಮಗುವನ್ನೂ ಪ್ರಾರ್ಥನೆಯ ಸಾಲಿನಲ್ಲಿ ಕುಸಿದು ಕೂರುವ ಮಗುವನ್ನೂ ‘ಸೋಮಾರಿ’ ಎಂದು ಕರೆಯುವುದು ಸುಲಭ. ಆದರೆ ಆ ಸೋಮಾರಿತನದ ಬೇರು ಅನೇಕ ವೇಳೆ ರಕ್ತದಲ್ಲಿರುತ್ತದೆ.

ದೇಹದ ಎಲ್ಲ ಭಾಗಗಳಿಗೂ ಆಮ್ಲಜನಕವನ್ನು ಒಯ್ಯುವುದು ರಕ್ತದ ಹಿಮೋಗ್ಲೋಬಿನ್. 5ರಿಂದ 11 ವರ್ಷದ ಮಕ್ಕಳಲ್ಲಿ ಅದು ಡೆಸಿಲೀಟರಿಗೆ 11.5 ಗ್ರಾಂಗಿಂತಲೂ, 12ರಿಂದ 14 ವರ್ಷದವರಲ್ಲಿ 12 ಗ್ರಾಂಗಿಂತಲೂ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ಬಿಳಿಚಿದ ಕಣ್ಣಿನ ಒಳರೆಪ್ಪೆ, ಮೆಟ್ಟಿಲೇರಿದರೆ ಏದುಸಿರು, ತಲೆಸುತ್ತು, ಬಳಪ ಅಥವಾ ಮಣ್ಣು ತಿನ್ನುವ ಹಂಬಲ ಇವು ಅದರ ಸೂಚನೆಗಳು. ಇವು ಅನುಮಾನಕ್ಕೆ ಸಾಕು, ನಿರ್ಣಯಕ್ಕೆ ಸಾಲವು. ನಿರ್ಣಯವನ್ನು ರಕ್ತಪರೀಕ್ಷೆಯೇ ಹೇಳಬೇಕು.

ರಕ್ತಹೀನತೆಗೆ ಹೆಚ್ಚು ಸಾಮಾನ್ಯವಾದ ಕಾರಣ ಕಬ್ಬಿಣಾಂಶದ ಕೊರತೆ. ಕೊಕ್ಕೆಹುಳುವಿನ ಬಾಧೆ, ಹದಿಹರೆಯದ ಹುಡುಗಿಯರ ಅಧಿಕ ಮುಟ್ಟಿನ ಸ್ರಾವ ಇದನ್ನು ಬೆಳೆಸುತ್ತವೆ. ಪ್ರೌಢಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಹಾಗೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುತ್ತದೆ. ಅದು ಕೊರತೆ ಬಾರದಂತೆ ತಡೆಯುವ ಕ್ರಮ. ರಕ್ತಹೀನತೆ ಖಚಿತವಾದ ಮಗುವಿಗೆ ವೈದ್ಯರು ಬೇರೆ ಪ್ರಮಾಣವನ್ನೇ ಬರೆದುಕೊಡುತ್ತಾರೆ. ಮಾತ್ರೆಯನ್ನು ಊಟದ ನಂತರ ನುಂಗಿಸಬೇಕು. ಅದರೊಡನೆ ಚಹಾ ಬೇಡ, ನಿಂಬೆ ಅಥವಾ ನೆಲ್ಲಿಕಾಯಿ ಹಿತ. ಮಲ ಕಪ್ಪಾದರೆ ಅಂಜಬೇಕಾಗಿಲ್ಲವೆಂದು ಮೊದಲೇ ತಿಳಿಸಿದರೆ ಮಕ್ಕಳು ಮಾತ್ರೆಯನ್ನು ಎಸೆಯುವುದು ತಪ್ಪುತ್ತದೆ.

ಆದರೆ ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಲ್ಲ. ವಯನಾಡು, ನೀಲಗಿರಿಗಳ ಶಿಕ್ಷಕರು ಇದನ್ನು ವಿಶೇಷವಾಗಿ ನೆನಪಿಡಬೇಕು. ಭಾರತದಲ್ಲಿ ಕುಡುಗೋಲು ಕಣದ ಲಕ್ಷಣ ನೀಲಗಿರಿಯ ಬುಡಕಟ್ಟು ಜನರಲ್ಲಿ ಕಂಡುಬಂದದ್ದು 1952ರಲ್ಲಿ ಪ್ರಕಟವಾಯಿತು. ಈ ರೋಗದಲ್ಲಿ ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಕಿರುರಕ್ತನಾಳಗಳಲ್ಲಿ ಸಿಲುಕಿ ಹರಿವನ್ನು ತಡೆಯುತ್ತದೆ. ಆಗ ಕೈಕಾಲು, ಬೆನ್ನು, ಎದೆಗಳಲ್ಲಿ ತಾಳಲಾರದ ನೋವು ಏಳುತ್ತದೆ. ಇಂಥ ಮಗು ಆಗಾಗ ನೀರು ಕುಡಿಯಲು, ಶೌಚಕ್ಕೆ ಹೋಗಲು ತರಗತಿಯಲ್ಲಿ ಅನುಮತಿ ಇರಲಿ. ಚಳಿಯಲ್ಲಿ ನಿಲ್ಲಿಸುವುದು, ದಣಿಯುವಂತೆ ಓಡಿಸುವುದು ಬೇಡ. ಜ್ವರ, ಎದೆನೋವು, ಉಸಿರಾಟದ ಕಷ್ಟ, ಕೈಕಾಲಿನ ಹಠಾತ್ ಬಲಹೀನತೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇಂಥ ಮಗುವಿಗೆ ಕಬ್ಬಿಣದ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಕೊಡಬೇಕು.

ಇದು ಅಂಟುರೋಗವಲ್ಲ, ಶಾಪವೂ ಅಲ್ಲ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ವಾಹಕರು ಸಾಮಾನ್ಯವಾಗಿ ಆರೋಗ್ಯವಂತರೇ. ಆದ್ದರಿಂದ ಮಗುವಿನ ಪರೀಕ್ಷಾಫಲವನ್ನು ತರಗತಿಯಲ್ಲಿ ಓದಿ ಹೇಳುವುದಾಗಲಿ, ಜಾತಿಯ ಹೆಸರು ಹಿಡಿದು ಊಹಿಸುವುದಾಗಲಿ ಸಲ್ಲದು.

ಇನ್ನು ನಮ್ಮ ವಿಶೇಷ ಹೊಣೆ. ಮಗು ಮನೆಯಲ್ಲಿ ‘ಸುಸ್ತು, ಕಣ್ಣಿಗೆ ಕತ್ತಲೆ ಬರುತ್ತದೆ’ ಎನ್ನುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ಅದೇ ರೋಗ ಮಲಯಾಳದಲ್ಲಿ ‘ವಿಳರ್ಚ’, ತಮಿಳಿನಲ್ಲಿ ‘ರತ್ತಸೋಗೈ’, ಮರಾಠಿಯಲ್ಲಿ ‘ರಕ್ತಕ್ಷಯ’, ತೆಲುಗಿನಲ್ಲಿ ‘ರಕ್ತಹೀನತ’ ಎಂದಾಗುತ್ತದೆ. ಚೀಟಿಯ ಭಾಷೆ ತಿಳಿಯದ ತಾಯಿ ಮಾತ್ರೆಯನ್ನು ಗೂಡಿನಲ್ಲಿಟ್ಟು ಮರೆಯುವುದು ಅವಳ ಅಲಕ್ಷ್ಯವಲ್ಲ. ಈ ಎರಡು ದಡಗಳ ನಡುವಿನ ಸೇತುವೆ ಶಿಕ್ಷಕ. ನೋವು ಎಲ್ಲಿ, ಎಂದಿನಿಂದ, ಎಷ್ಟು ಹೊತ್ತು ಎಂಬ ಮೂರು ಪ್ರಶ್ನೆಗಳಿಗೆ ಮಗುವಿನಿಂದಲೇ ಕನ್ನಡದಲ್ಲಿ ಉತ್ತರ ಪಡೆದು, ರಾಜ್ಯಭಾಷೆಯಲ್ಲಿ ನಾಲ್ಕು ಸಾಲು ಬರೆದು ತಾಯಿಯ ಕೈಗೆ ಕೊಡಿ. ಹಿಂದಿರುಗಿದ ಚೀಟಿಯನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಿ. ಪತ್ರಲೇಖನದ ಪಾಠದಲ್ಲಿ ಮಕ್ಕಳಿಗೂ ಇದನ್ನು ಕಲಿಸಬಹುದು.

ರೋಗವನ್ನು ಗುರುತಿಸುವುದೂ ಔಷಧ ಕೊಡುವುದೂ ವೈದ್ಯರ ಕೆಲಸ. ಮಗುವಿನ ಮಾತು ವೈದ್ಯರಿಗೂ ವೈದ್ಯರ ಮಾತು ಮನೆಗೂ ಕೆಡದೆ ತಲುಪುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಮುಂದಿನ ಸೋಮವಾರ ಹಾಜರಿ ಕರೆಯುವಾಗ ಪ್ರತಿ ಮುಖವನ್ನೂ ಒಂದು ಕ್ಷಣ ನೋಡಿ ಎಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.