ದುಬೈಗೆ ಹೊರಟ ಮೇಷ್ಟ್ರುಗಳಿಗೆ

(ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ದುಬೈ ಶಾಲೆಗೆ ಮೇಷ್ಟ್ರಾಗಿ ಹೋಗ್ತೀರಾ? ಹೋಗಿ. ಬಾಬಾಸಾಹೇಬರೂ 1913ರಲ್ಲಿ ಕಡಲು ದಾಟಿದವರೇ. ಆದರೆ ಏಜೆಂಟ್ ಲಕ್ಷಗಟ್ಟಲೆ ಕೇಳಿದ ಅಂತ ಅಪ್ಪನ ಎರಡೆಕರೆಗೆ ಕೈ ಹಾಕಬೇಡಿ. 1983ರ ವಲಸೆ ಕಾಯ್ದೆಯಡಿ ನೋಂದಣಿಯಾದ ಏಜೆಂಟ್ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಇಷ್ಟೇ ತಗೋಬೇಕು. ನಮ್ಮವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಅಡ ಇಡುವುದನ್ನೂ 1978ರ ಪಿಟಿಸಿಎಲ್ ಕಾಯ್ದೆ ತಡೆಯುತ್ತದೆ. ಸಾಹುಕಾರನಿಗೆ ಇದು ಗೊತ್ತು, ನಮಗೇ ಗೊತ್ತಿಲ್ಲ!

ಡಿಗ್ರಿ ಸರ್ಟಿಫಿಕೇಟಿಗೆ ರಾಜ್ಯದ್ದು, ವಿದೇಶಾಂಗ ಸಚಿವಾಲಯದ್ದು, ಆ ದೇಶದ ರಾಯಭಾರ ಕಚೇರಿಯದು ಹೀಗೆ ಮೊಹರು ಬೀಳಬೇಕು. ಈಗಲೇ ಓಡಾಡಿ. ‘ವಿಸಿಟ್ ವೀಸಾದಲ್ಲಿ ಬಾ, ಆಮೇಲೆ ನೋಡೋಣ’ ಅಂದರೆ ವಿಮಾನ ಹತ್ತಬೇಡಿ. ಆ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ. ಒಡೆಯನ ಪೆಟ್ಟಿಗೆಯಲ್ಲಿ ಹೆಬ್ಬೆಟ್ಟಿನ ಪತ್ರವಿಟ್ಟು ಜೀತ ಮಾಡಿದವರ ಮೊಮ್ಮಕ್ಕಳು ನಾವು. ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಲಿ.