ಸರ್ವಿಸ್ ಮಾಡಿಸಿದ ಮೋಟಾರು ಸೈಕಲನ್ನು ಪರೀಕ್ಷಿಸಿಕೊಳ್ಳುವುದು ಹೇಗೆ?

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಭಾಂಗಣದ ಹೊರಗೆ ಸಾಲಾಗಿ ನಿಂತಿರುವ ಮೋಟಾರು ಸೈಕಲುಗಳನ್ನು ನೋಡಿದರೆ ಸಾಕು, ಇಂದಿನ ಒಕ್ಕಲುತನದಲ್ಲಿ ಈ ವಾಹನಕ್ಕೆ ಎಂತಹ ಸ್ಥಾನವಿದೆ ಎಂಬುದು ತಿಳಿಯುತ್ತದೆ. ಬೆಳಗಿನ ಹಾಲನ್ನು ಡೇರಿಗೆ ಮುಟ್ಟಿಸುವುದು, ರೈತ ಸಂಪರ್ಕ ಕೇಂದ್ರದಿಂದ ಬೀಜ ತರುವುದು, ಅಪರಾತ್ರಿಯಲ್ಲಿ ತ್ರೀಫೇಸ್ ಕರೆಂಟು ಬಂದಾಗ ತೋಟದ ಪಂಪ್‌ಸೆಟ್ಟಿಗೆ ಓಡುವುದು, ಎಲ್ಲಕ್ಕೂ ಇದೇ ಬೇಕು. ಟ್ರ್ಯಾಕ್ಟರು ಕೆಟ್ಟರೆ ಹೊಲದಲ್ಲಿ ನಿಲ್ಲುತ್ತದೆ. ಮೋಟಾರು ಸೈಕಲಿನ ಬ್ರೇಕು ಕೆಟ್ಟರೆ ಅದು ನಿಲ್ಲುವುದೇ ಇಲ್ಲ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕೆಂದಿದ್ದೇನೆ.

ಸರ್ವಿಸ್ ಆಯಿತೆಂದರೆ ವಾಹನ ಹೊಸದರಂತಾಯಿತು ಎಂಬ ಭಾವನೆ ನಮ್ಮಲ್ಲಿ ಬಹಳ ಜನರಿಗಿದೆ. ವಾಸ್ತವವಾಗಿ ಸರ್ವಿಸ್ ಆದ ದಿನವೇ ಹೆಚ್ಚು ಎಚ್ಚರದಿಂದಿರಬೇಕಾದ ದಿನ. ಅದುವರೆಗೆ ಬಿಗಿಯಾಗಿದ್ದ ನಟ್ಟು, ಬೋಲ್ಟುಗಳನ್ನು ಆ ದಿನ ಬಿಚ್ಚಿ ಮತ್ತೆ ಜೋಡಿಸಿರುತ್ತಾರೆ. ಮೆಕ್ಯಾನಿಕ್ ಮೋಸಗಾರನೆಂದು ನಾನು ಹೇಳುತ್ತಿಲ್ಲ. ಅವನ ಮುಂದೆ ನಾಲ್ಕಾರು ಗಾಡಿಗಳು ನಿಂತಿರುತ್ತವೆ. ನಟ್ಟನ್ನು ಕೈಯಲ್ಲಿ ತಿರುಗಿಸಿ ಕೂರಿಸಿದ ಹೊತ್ತಿಗೆ ಇನ್ನೊಬ್ಬ ಗಿರಾಕಿ ಕರೆಯುತ್ತಾನೆ, ಸ್ಪ್ಯಾನರು ಹಾಕುವುದು ಉಳಿದುಹೋಗುತ್ತದೆ. ಗಾಡಿಯ ಚಕ್ರಕ್ಕೆ ಕಡಾಣಿ ಇದೆಯೇ ಎಂದು ನೋಡದೆ ಎತ್ತು ಹೂಡುವವರುಂಟೇ? ಇಲ್ಲಿಯೂ ಹಾಗೆಯೇ.

ಈ ಪರೀಕ್ಷೆ ಗಾಡಿಯನ್ನು ಬಿಡುವಾಗಲೇ ಆರಂಭವಾಗಬೇಕು. ಯಾವ ಯಾವ ಕೆಲಸ ಆಗಬೇಕೆಂದು ಜಾಬ್ ಕಾರ್ಡಿನಲ್ಲಿ ಬರೆಸಿ, ಮೀಟರಿನಲ್ಲಿರುವ ಕಿಲೋಮೀಟರನ್ನೂ ಗುರುತು ಹಾಕಿಸಿಕೊಳ್ಳಿ. ಬದಲಿಸಿದ ಹಳೆಯ ಭಾಗಗಳನ್ನು ಹಿಂದಿರುಗಿಸಬೇಕೆಂದು ಮೊದಲೇ ತಿಳಿಸಿ. ವಾರಂಟಿಯಲ್ಲಿ ಬದಲಿಸಿದ್ದನ್ನು ಮಾತ್ರ ಕಂಪನಿಯವರು ಇಟ್ಟುಕೊಳ್ಳುತ್ತಾರೆ. ಏನೇನು ಬಿಚ್ಚಿದರು ಎಂಬುದು ಗೊತ್ತಿದ್ದರೆ ಏನೇನು ನೋಡಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ ಕತ್ತಲಲ್ಲಿ ಗಾಡಿ ಬಿಡಿಸಿಕೊಳ್ಳುವ ಅಭ್ಯಾಸ ಒಳ್ಳೆಯದಲ್ಲ. ಬೆಳಕಿರುವಾಗ ಹೋಗಿ, ಕಾಲು ಗಂಟೆ ಅಲ್ಲಿಯೇ ನಿಂತು ನೋಡಿ.

ಮೊದಲು ಚಕ್ರ ಮತ್ತು ಬ್ರೇಕು. ಮುಂದಿನ ಹಾಗೂ ಹಿಂದಿನ ಆಕ್ಸಲ್ ನಟ್ಟುಗಳಿಗೆ ಸ್ಪ್ಯಾನರು ಹಾಕಿ, ಬಿಗಿಯಾಗಿವೆಯೇ ಎಂದು ನಿಮ್ಮೆದುರಿನಲ್ಲಿಯೇ ತೋರಿಸಲು ಹೇಳಿ. ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಬಿಗಿ ಮಾಡಿದ ಮೇಲೆ ನಟ್ಟು ಮತ್ತು ಆಕ್ಸಲ್ ಎರಡರ ಮೇಲೂ ಹಾಯುವಂತೆ ಬಣ್ಣದಿಂದ ಒಂದು ಗೆರೆ ಎಳೆದಿಟ್ಟರೆ, ಮುಂದೆ ನಟ್ಟು ಸಡಿಲವಾದಾಗ ಗೆರೆ ಮುರಿದು ಕಾಣುತ್ತದೆ. ಡ್ರಮ್ ಬ್ರೇಕಿನ ಗಾಡಿಯಲ್ಲಿ ಇನ್ನೊಂದು ಮುಖ್ಯ ಜಾಗವಿದೆ. ಹಿಂದಿನ ಬ್ರೇಕಿನ ತಟ್ಟೆ ಚಕ್ರದೊಡನೆ ಸುತ್ತದಂತೆ ಅದನ್ನು ಒಂದು ಕಬ್ಬಿಣದ ಪಟ್ಟಿಯಿಂದ ಚಾಸಿಗೆ ಕಟ್ಟಿರುತ್ತಾರೆ. ಆ ಪಟ್ಟಿಯ ನಟ್ಟಿಗೆ ಒಂದು ಸ್ಪ್ಲಿಟ್ ಪಿನ್ನು ಇರುತ್ತದೆ. ಕಾಸಿನಷ್ಟು ಬೆಲೆಯ ಈ ಪಿನ್ನು ಕಾಣೆಯಾಗಿ ಪಟ್ಟಿ ಕಳಚಿಕೊಂಡರೆ, ಬ್ರೇಕು ಒತ್ತಿದೊಡನೆ ತಟ್ಟೆಯೇ ತಿರುಗಿ, ಸರಳು ಸಿಕ್ಕಿಕೊಂಡು, ಓಡುತ್ತಿರುವ ಚಕ್ರ ಹಠಾತ್ತನೆ ಕಟ್ಟಿಬಿಡಬಹುದು. ಬಗ್ಗಿ ನೋಡಿ, ಬೆರಳಿನಿಂದ ಮುಟ್ಟಿ ನೋಡಿ.

ಡಿಸ್ಕ್ ಬ್ರೇಕು ಇರುವ ಗಾಡಿಗೆ ಹೊಸ ಪ್ಯಾಡು ಹಾಕಿಸಿದ್ದರೆ ಇದನ್ನು ಮರೆಯಲೇಬಾರದು. ಪ್ಯಾಡು ಕೂರಿಸಲು ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ. ಅದು ತನ್ನ ಸ್ಥಾನಕ್ಕೆ ಬರುವವರೆಗೆ ಮೊದಲ ಕೆಲವು ಸಲ ಲಿವರು ಪೂರ್ತಿ ಹಿಡಿಯವರೆಗೂ ಬರುತ್ತದೆ, ಬ್ರೇಕು ಹತ್ತುವುದಿಲ್ಲ. ಆದುದರಿಂದ ಗಾಡಿ ಹತ್ತುವ ಮೊದಲು ನಿಂತಲ್ಲಿಯೇ ಲಿವರನ್ನು ಗಟ್ಟಿಯಾಗುವವರೆಗೆ ಹತ್ತಾರು ಸಲ ಒತ್ತತಕ್ಕದ್ದು. ಒತ್ತಿದಷ್ಟೂ ಮೆತ್ತಗೇ ಇದ್ದರೆ ಒಳಗೆ ಗಾಳಿ ಸೇರಿದೆಯೆಂದು ತಿಳಿಯಿರಿ. ಅಂತಹ ಗಾಡಿಯನ್ನು ಅಂಗಡಿಯಿಂದ ಹೊರಕ್ಕೆ ತರಬೇಡಿ. 2019ರ ಏಪ್ರಿಲ್ ನಂತರ ತಯಾರಾದ 125 ಸಿ.ಸಿ.ವರೆಗಿನ ಬೈಕುಗಳಲ್ಲಿ ಹಿಂದಿನ ಬ್ರೇಕು ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುವಂತೆ ಸಾಮಾನ್ಯವಾಗಿ ಜೋಡಣೆ ಇರುತ್ತದೆ. ಹಿಂದಿನದನ್ನು ಬಿಗಿ ಮಾಡುವಾಗ ಈ ಜೋಡಣೆಯೂ ಸರಿಯಾಗಿರಬೇಕು. ಒಬ್ಬರು ಪೆಡಲು ಒತ್ತಲಿ, ಇನ್ನೊಬ್ಬರು ಮುಂದಿನ ಚಕ್ರದ ಬಳಿ ಕೇಬಲ್ಲು ಎಳೆಯುವುದನ್ನು ನೋಡಲಿ. ಹಾಗೆಯೇ ಹಿಂದಿನ ಕೆಂಪು ದೀಪ ಹತ್ತುತ್ತದೆಯೇ ಎಂಬುದನ್ನೂ ನೋಡಿಬಿಡಿ. ಬ್ರೇಕು ಬಿಗಿ ಮಾಡಿದಾಗ ಈ ದೀಪದ ಸ್ವಿಚ್ಚು ಅಳತೆ ತಪ್ಪುವುದುಂಟು.

ನಂತರ ಆಕ್ಸಿಲರೇಟರ್. ತಿರುಗಿಸಿ ಬಿಟ್ಟೊಡನೆ ಅದು ತಾನಾಗಿಯೇ ಚಟ್ಟನೆ ಹಿಂದಕ್ಕೆ ಬರಬೇಕು. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಎಂಜಿನ್ನಿನ ಸದ್ದು ಏರಿದರೆ ಕೇಬಲ್ಲು ಎಲ್ಲೋ ಬಿಗಿದುಕೊಂಡಿದೆ ಎಂದರ್ಥ. ತಿರುವಿನಲ್ಲಿ ಗಾಡಿ ತಾನೇ ಮುನ್ನುಗ್ಗುತ್ತದೆ. ಹ್ಯಾಂಡಲು ಯಾವ ಜಾಗದಲ್ಲಿಯೂ ಬಿಗಿಯಾಗಿ ಕಚ್ಚಬಾರದು. ಮುಂದಿನ ಬ್ರೇಕು ಹಿಡಿದು ಗಾಡಿಯನ್ನು ಹಿಂದೆ ಮುಂದೆ ಅಲುಗಿಸಿದಾಗ ಕೋನ್ ಸೆಟ್ಟಿನಲ್ಲಿ ಟಕ್ ಎಂಬ ಆಟವೂ ಇರಬಾರದು.

ಚೈನಿನ ವಿಷಯದಲ್ಲಿ ನಮ್ಮ ಅನೇಕ ಮೆಕ್ಯಾನಿಕ್‌ಗಳು ಒಂದು ತಪ್ಪು ಮಾಡುತ್ತಾರೆ. ಸದ್ದು ಬರಬಾರದೆಂದು ಅತಿಯಾಗಿ ಬಿಗಿ ಮಾಡುತ್ತಾರೆ. ಭಾರ ಬಿದ್ದು ಹಿಂದಿನ ಚಕ್ರ ಮೇಲೆದ್ದಾಗ ಚೈನು ಇನ್ನೂ ಬಿಗಿಯಾಗುತ್ತದೆ. ಆಗ ಬೇರಿಂಗಿಗೂ ಗೇರ್ ಪೆಟ್ಟಿಗೆಗೂ ಪೆಟ್ಟು. ಹೆಚ್ಚಿನ ಸಣ್ಣ ಬೈಕುಗಳಲ್ಲಿ ಕೆಳಗಿನ ಎಳೆಯ ನಡುವೆ ಬೆರಳಿನಿಂದ ಎತ್ತಿದಾಗ ಸುಮಾರು 20ರಿಂದ 30 ಮಿಲಿಮೀಟರಿನಷ್ಟು ಸಡಿಲು ಇರಬೇಕು. ನಿಮ್ಮ ಗಾಡಿಯ ನಿಖರ ಅಳತೆ ಅದರ ಕೈಪಿಡಿಯಲ್ಲಿದೆ. ಚಕ್ರವನ್ನು ತಿರುಗಿಸುತ್ತಾ ಮೂರು ನಾಲ್ಕು ಜಾಗಗಳಲ್ಲಿ ನೋಡಿ, ಏಕೆಂದರೆ ಸವೆದ ಚೈನು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇರುತ್ತದೆ. ಆಕ್ಸಲಿನ ಎರಡು ಬದಿಯ ಗುರುತುಗಳೂ ಒಂದೇ ಮಟ್ಟದಲ್ಲಿರಬೇಕು. ಚೈನು ಬಿಚ್ಚಿದ್ದರೆ ಕೊಂಡಿಯ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಸಾಗುವ ದಿಕ್ಕಿಗಿರಬೇಕು.

ಇನ್ನು ಎಂಜಿನ್ ಎಣ್ಣೆ. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ನೇರವಾಗಿ ನಿಲ್ಲಿಸಿ, ಎರಡು ಮೂರು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ, ಅಷ್ಟೇ ಹೊತ್ತು ಕಾದು ಮಟ್ಟ ನೋಡಬೇಕು. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಕೆಳಗಿದ್ದರೆ ಎಂಜಿನ್ ಸವೆಯುತ್ತದೆ, ಮೇಲಿದ್ದರೂ ಕೆಡುಕೇ. ಒಂದು ಲೀಟರಿನ ಡಬ್ಬಿಯನ್ನು ಪೂರ್ತಿ ಸುರಿದುಬಿಡುವುದು ವಾಡಿಕೆ, ಆದರೆ ಕೆಲವು 100 ಸಿ.ಸಿ. ಗಾಡಿಗಳಿಗೆ ಎಣ್ಣೆ ಬದಲಿಸುವಾಗ ಅಷ್ಟು ಬೇಕಾಗುವುದಿಲ್ಲ. ಆಗ ತಾನೇ ಬದಲಿಸಿದ ಎಣ್ಣೆ ತಿಳಿಯಾಗಿರುತ್ತದೆ. ಕಡ್ಡಿಗೆ ಕೀಲೆಣ್ಣೆಯಂತೆ ಕಪ್ಪಾಗಿ ಅಂಟಿದರೆ, ಬಿಲ್ಲಿನಲ್ಲಿ ಬರೆದ ಎಣ್ಣೆ ಎಲ್ಲಿಗೆ ಹೋಯಿತೆಂದು ಧಾರಾಳವಾಗಿ ಕೇಳಬಹುದು. ಇಲ್ಲೊಂದು ಮಾತು: ಮನೆಯಲ್ಲಿ ಟ್ರ್ಯಾಕ್ಟರಿಗೆ ತಂದ ಎಣ್ಣೆ ಮಿಕ್ಕಿದೆಯೆಂದು ಬೈಕಿಗೆ ಹಾಕಿಸುವವರಿದ್ದಾರೆ. ಹೆಚ್ಚಿನ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ಚು ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಬೇರೆ ಎಣ್ಣೆಯಿಂದ ಕ್ಲಚ್ಚು ಜಾರಬಹುದು. ಕೈಪಿಡಿ ಹೇಳಿದ ದರ್ಜೆಯ ಮೋಟಾರು ಸೈಕಲ್ ಎಣ್ಣೆಯನ್ನೇ ಹಾಕಿಸಿ.

ಎಂಜಿನ್ನಿನ ಅಡಿಯಲ್ಲಿರುವ ಡ್ರೇನ್ ಬೋಲ್ಟು ಒಸರುತ್ತಿದೆಯೇ ಎಂಬುದು ಅಂಗಡಿಯಲ್ಲಿ ತಿಳಿಯುವುದಿಲ್ಲ. ಅಂದು ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಅದರ ಮೇಲೆ ತೊಟ್ಟು ಕಂಡರೆ ಡೇರಿಗೆ ಹೊರಡುವ ಮುನ್ನ ಎಣ್ಣೆ ಮಟ್ಟ ಮತ್ತೆ ನೋಡಿ, ಹಿಂದಿನ ಟೈರಿಗೆ ಎಣ್ಣೆ ಸಿಡಿದಿದೆಯೇ ಎಂಬುದನ್ನೂ ನೋಡಿ.

ಏರ್ ಫಿಲ್ಟರಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮಣ್ಣು ರಸ್ತೆಯ ಧೂಳಿನಲ್ಲಿ ಓಡಾಡುವ ನಮ್ಮ ಗಾಡಿಗಳಿಗೆ ಅದು ಮೂಗಿದ್ದಂತೆ. ಅದರ ಪೆಟ್ಟಿಗೆಯ ಮುಚ್ಚಳ ಬಿರುಕಿಲ್ಲದೆ ಕೂತಿದೆಯೇ, ಸ್ಕ್ರೂಗಳೆಲ್ಲ ಇವೆಯೇ ನೋಡಿದರಾಯಿತು.

ಮೊದಲ ಸವಾರಿ ಅಂಗಡಿಯ ಅಂಗಳದಲ್ಲಿಯೇ ಆಗಲಿ. ನಡಿಗೆಯ ವೇಗದಲ್ಲಿ ಹೋಗಿ ಎರಡು ಬ್ರೇಕುಗಳನ್ನೂ ಬೇರೆ ಬೇರೆಯಾಗಿ ಹಿಡಿದು ನೋಡಿ. ಗಾಡಿ ತೊಳೆದಿದ್ದರೆ ಬ್ರೇಕಿನ ಒಳಗೆ ನೀರಿರುತ್ತದೆ. ಮೆಲ್ಲಗೆ ಹಿಡಿದು ಬಿಟ್ಟು ಮಾಡಿದರೆ ಒಣಗುತ್ತದೆ. ಹೊಸ ಲೈನರು ಹಾಕಿಸಿದ್ದರೆ ಅದು ಡ್ರಮ್ಮಿಗೆ ಕೂರುವವರೆಗೆ ಹಿಡಿತ ಕಡಿಮೆ, ಮುಂದಿನ ವಾಹನಕ್ಕೆ ದೂರ ಬಿಟ್ಟು ಓಡಿಸಿ. ಹತ್ತು ಕಿಲೋಮೀಟರು ಹೋದ ಮೇಲೆ ನಿಲ್ಲಿಸಿ ಚಕ್ರಗಳ ಗುಂಬದ ಹತ್ತಿರ ಅಂಗೈ ಒಡ್ಡಿ ನೋಡಿ. ಬ್ರೇಕು ಹೆಚ್ಚು ಬಳಸದಿದ್ದರೂ ಝಳ ಹೊಡೆಯುವಷ್ಟು ಬಿಸಿಯಿದ್ದರೆ ಬ್ರೇಕು ಬಿಡದೆ ಉಜ್ಜುತ್ತಿದೆ.

ಏನಾದರೂ ದೋಷ ಕಂಡರೆ ಅದೇ ದಿನ, ಜಗಳವಿಲ್ಲದೆ, ಜಾಬ್ ಕಾರ್ಡು ತೋರಿಸಿ ಹೇಳಿ. ಒಳ್ಳೆಯ ಮೆಕ್ಯಾನಿಕ್ ಬೇಸರಿಸುವುದಿಲ್ಲ. ಬಿಲ್ಲನ್ನು ಮಾತ್ರ ಜೋಪಾನವಾಗಿಡಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಸೇವೆಯಲ್ಲಿನ ಕೊರತೆಗೂ ಅನ್ವಯಿಸುತ್ತದೆ. ಕಡಿಮೆ ದುಡ್ಡೆಂದು ಬಿಲ್ಲಿಲ್ಲದೆ ಕೆಲಸ ಮಾಡಿಸಿಕೊಂಡವರಿಗೆ ದೂರನ್ನು ಸಾಬೀತುಪಡಿಸುವುದು ಕಷ್ಟ.

ಹಾಲಿನ ಕ್ಯಾನು ಸಾಗಿಸುವ ಬಾಂಧವರಿಗೆ ಇನ್ನೊಂದು ಕೆಲಸವಿದೆ. ಹಿಂದಿನ ಚಕ್ರ ಬಿಚ್ಚುವಾಗ ಕ್ಯಾನು ತೂಗುಹಾಕುವ ಚೌಕಟ್ಟನ್ನೂ ಕಳಚಿರಬಹುದು, ಅದರ ಬೋಲ್ಟುಗಳನ್ನು ಎಳೆದು ನೋಡಿ. 40 ಲೀಟರಿನ ಕ್ಯಾನು ತುಂಬಿದರೆ ಹಾಲೇ 41 ಕಿಲೋ ತೂಗುತ್ತದೆ, ಎರಡು ಕ್ಯಾನು ಎಂದರೆ ಹಿಂದೆ ಒಬ್ಬ ದಪ್ಪ ಮನುಷ್ಯ ಕುಳಿತ ಹಾಗೆ. ಅಂಗಡಿಯಲ್ಲಿ ಹಿಂದಿನ ಟೈರಿಗೆ ಒಬ್ಬನೇ ಸವಾರನ ಲೆಕ್ಕದಲ್ಲಿ ಗಾಳಿ ಹಾಕಿರುತ್ತಾರೆ. ಗಾಡಿಗೆ ಅಂಟಿಸಿರುವ ಚೀಟಿಯನ್ನೋ ಕೈಪಿಡಿಯನ್ನೋ ನೋಡಿ, ಇಬ್ಬರ ಲೆಕ್ಕಕ್ಕೆ ಹೇಳಿದಷ್ಟು ಗಾಳಿಯನ್ನು ಕೇಳಿ ಹಾಕಿಸಿಕೊಳ್ಳಿ. ಮರುದಿನ ಬೆಳಿಗ್ಗೆ ತುಂಬಿದ ಕ್ಯಾನುಗಳನ್ನು ಕಟ್ಟಿ ನೀವೂ ಕುಳಿತ ಮೇಲೆ, ಚೈನಿನ ಸಡಿಲು ಇನ್ನೂ ಉಳಿದಿದೆಯೇ ಎಂದು ಮನೆಯವರೊಬ್ಬರಿಂದ ನೋಡಿಸಿ ಹೊರಡಿ.