ಉತ್ತರವನ್ನು ಹಿಂದಕ್ಕೆ ಪಡೆಯುವ ತರ್ಕ

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಭಾಷೆ ಕಲಿಸುವವನಿಗೆ ಕೃತಕ ಬುದ್ಧಿಮತ್ತೆಯ ಗೊಡವೆ ಏಕೆ ಎಂದು ನೀವು ಕೇಳಬಹುದು. ನಾನು ಹೇಳಹೊರಟಿರುವುದು ಪ್ರಶ್ನೆ ಮತ್ತು ಉತ್ತರದ ವಿಷಯ. ಅದು ನಮ್ಮ ದಿನನಿತ್ಯದ ಕಸುಬೇ ತಾನೆ?

ಮೃಗಾಲಯಕ್ಕೆ ಹೊಸ ಹಕ್ಕಿಯೊಂದು ಬಂದಿದೆ, ಅದು ಹಾರುತ್ತದೆಯೆ ಎಂದು ಮಗುವನ್ನು ಕೇಳಿ. ಹೌದು ಎನ್ನುತ್ತದೆ. ಅದು ಉಷ್ಟ್ರಪಕ್ಷಿ ಎಂದೊಡನೆ, ಇಲ್ಲ ಎನ್ನುತ್ತದೆ. (ಉರ್ದುವಿನಲ್ಲಿ ಇದು ಶುತುರ್‌ಮುರ್ಗ್. ಎರಡು ಹೆಸರಿಗೂ ಒಂಟೆಹಕ್ಕಿ ಎಂದೇ ಅರ್ಥ!) ರೇಖಾಗಣಿತದಲ್ಲಿ ಹೀಗಾಗದು. ಒಮ್ಮೆ ಸಾಧಿಸಿದ ಪ್ರಮೇಯ ಹೊಸ ಸಂಗತಿ ಸೇರಿದರೂ ಬೀಳುವುದಿಲ್ಲ. ಹೊಸದು ತಿಳಿದಾಗ ಹಳೆಯ ತೀರ್ಮಾನವನ್ನು ಕೈಬಿಡುವ ತರ್ಕಕ್ಕೆ ನಾನ್‌ಮಾನೊಟಾನಿಕ್ ತರ್ಕ ಎಂದು ಹೆಸರು. 1980ರಲ್ಲಿ ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಎಂಬ ಸಂಶೋಧನಾ ಪತ್ರಿಕೆ ಇದಕ್ಕಾಗಿ ವಿಶೇಷ ಸಂಚಿಕೆಯನ್ನೇ ತಂದಿತು. ಜಾನ್ ಮೆಕಾರ್ಥಿ, ರೇಮಂಡ್ ರೈಟರ್ ಮೊದಲಾದವರು ಅದರಲ್ಲಿ ಬರೆದರು.

ಕಂಪ್ಯೂಟರು ‘ಇಲ್ಲ’ ಎನ್ನುವುದು ಹೇಗೆ? ರೈಲು ವೇಳಾಪಟ್ಟಿಯಲ್ಲಿ ಮೂರು ಗಂಟೆಗೆ ಗಾಡಿ ಇಲ್ಲವೆಂದು ಬರೆದಿರುವುದಿಲ್ಲ. ಗಾಡಿಯ ಹೆಸರು ಕಾಣದಿದ್ದರೆ ಇಲ್ಲವೆಂದೇ ತಿಳಿಯುತ್ತೇವೆ. ಪಟ್ಟಿ ಪೂರ್ಣವಾಗಿದೆ ಎಂಬ ಈ ನಂಬಿಕೆಗೆ ರೈಟರ್ 1978ರಲ್ಲಿ ತರ್ಕದ ರೂಪ ಕೊಟ್ಟರು. ಪ್ರೊಲಾಗ್ ಎಂಬ ಕಂಪ್ಯೂಟರ್ ಭಾಷೆಯೂ ಹೀಗೆಯೇ: ಹುಡುಕಿ, ಸಾಧಿಸಲಾಗದಿದ್ದರೆ ಇಲ್ಲ ಎನ್ನುತ್ತದೆ. ಒಂದು ಸಾಲು ಸೇರಿಸಿದರೆ ಅದೇ ಪ್ರಶ್ನೆಗೆ ಹೌದು ಎನ್ನಬಹುದು.

ಪಟ್ಟಿ ಅಪೂರ್ಣವಾಗಿದ್ದರೆ? ನನ್ನ ವಿದ್ಯಾರ್ಥಿನಿಯೊಬ್ಬಳ ವಿದ್ಯಾರ್ಥಿವೇತನ ವಿಚಾರಿಸಲು ಒಂದು ಕಚೇರಿಗೆ ಹೋಗಿದ್ದೆ. ಗುಮಾಸ್ತರು ಕಂಪ್ಯೂಟರ್ ನೋಡಿ, ‘ಅರ್ಜಿಯೇ ಹಾಕಿಲ್ಲ ಮೇಷ್ಟ್ರೆ’ ಎಂದರು. ಹುಡುಗಿಯ ಕೈಯಲ್ಲಿ ಸ್ವೀಕೃತಿ ಚೀಟಿ ಇತ್ತು. ಒಂದು ಕಟ್ಟು ಅರ್ಜಿಗಳನ್ನು ಇನ್ನೂ ಕಂಪ್ಯೂಟರಿಗೆ ಏರಿಸಿರಲಿಲ್ಲ, ಅಷ್ಟೆ. ಏರಿಸಿದ ದಿನ ಯಂತ್ರ ತನ್ನ ಮಾತನ್ನು ಸಂಕೋಚವಿಲ್ಲದೆ ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ ಅವಳ ತಂದೆ ಶಾಲೆ ಬಿಡಿಸುವ ಮಾತನಾಡಿ ಆಗಿತ್ತು. ಅವರ ಮನವೊಲಿಸಲು ನನಗೆ ನಾಲ್ಕು ಸಂಜೆ ಹಿಡಿಯಿತು.

ಗೆಲ್ಫಾಂಡ್ ಮತ್ತು ಲಿಫ್‌ಶಿಟ್ಸ್ ಎಂಬ ವಿದ್ವಾಂಸರು 1991ರ ಲೇಖನದಲ್ಲಿ ಎರಡು ಬಗೆಯ ‘ಇಲ್ಲ’ವನ್ನು ಬೇರ್ಪಡಿಸಿದರು. ಅವರು ಕೊಟ್ಟ ಉದಾಹರಣೆ ಮೆಕಾರ್ಥಿಯವರದು. ರೈಲು ಬರುತ್ತಿಲ್ಲವಾದರೆ ಶಾಲಾ ಬಸ್ಸು ಹಳಿ ದಾಟಬಹುದು. ‘ರೈಲು ಬರುವ ಸುದ್ದಿ ನನಗಿಲ್ಲ’ ಎಂದು ಚಾಲಕ ದಾಟಬಹುದೆ? ಮಂಜು ಕವಿದಿದ್ದರೂ ಸುದ್ದಿ ಇರುವುದಿಲ್ಲವಲ್ಲ! ‘ರೈಲು ಬರುತ್ತಿಲ್ಲವೆಂದು ಗೊತ್ತಿದೆ’ ಎಂದಾಗ ಮಾತ್ರ ದಾಟಬೇಕು. ವೇಳಾಪಟ್ಟಿಗೆ ಮೊದಲನೆಯ ‘ಇಲ್ಲ’ ಸಾಕು. ಬಸ್ಸಿನ ತುಂಬ ಮಕ್ಕಳಿರುವಾಗ ಸಾಲದು.

ನಮ್ಮ ಶಾಲೆಯ ವಿದ್ಯಾರ್ಥಿವೇತನ ಪುಸ್ತಕದಲ್ಲಿ ‘ಬಂದಿದೆ’, ‘ಬಂದಿಲ್ಲ’ ಎಂದು ಎರಡೇ ಕಾಲಂ ಇದ್ದವು. ಈ ವರ್ಷ ಸ್ಕೇಲಿನಿಂದ ಇನ್ನೊಂದು ಗೆರೆ ಎಳೆದು ‘ಇನ್ನೂ ತಿಳಿದಿಲ್ಲ’ ಎಂದು ಬರೆದಿದ್ದೇನೆ. ಸದ್ಯಕ್ಕೆ ಅದರಲ್ಲಿ ಏಳು ಹೆಸರುಗಳಿವೆ.